ಹೊರಗಿನ ಪ್ರೋಗ್ರಾಮ್‌ಗಳ ಔಟ್‌ಪುಟ್ ಲಾಗ್‌ಗೆ ಸೇರಬೇಕಾದರೆ: ನಾನು ಬಳಸಿ ನೋಡಿದ ನಾಲ್ಕು ದಾರಿಗಳು

ಮಂಗಳೂರಿನ ಬಂದರು ಪ್ರದೇಶದ ಒಂದು ಸಗಟು ವ್ಯಾಪಾರದ ಕಚೇರಿಯ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಪ್ರತಿ ರಾತ್ರಿ 2 ಗಂಟೆಗೆ ಅಲ್ಲಿ ಒಂದು ಪೈಥಾನ್ ಸ್ಕ್ರಿಪ್ಟ್ ಓಡುತ್ತದೆ. ಅದು ಪಿಜಿ-ಡಂಪ್ ಎಂಬ ಪ್ರೋಗ್ರಾಮಿನಿಂದ ಡೇಟಾಬೇಸಿನ ಪ್ರತಿ ತೆಗೆದು, ಬಿಲ್ಲುಗಳ ಫೋಲ್ಡರಿನೊಂದಿಗೆ ಆರ್‌ಸಿಂಕ್ ಎಂಬ ನಕಲು ಮಾಡುವ ಪ್ರೋಗ್ರಾಮಿನ ಮೂಲಕ ಉಡುಪಿ ಶಾಖೆಯ ಕಂಪ್ಯೂಟರಿಗೆ ಕಳುಹಿಸುತ್ತದೆ. ಕಳೆದ ಜೂನ್‌ನಲ್ಲಿ ಹಳೆಯ ಒಂದು ಪ್ರತಿ ಬೇಕಾಗಿ ತೆರೆದು ನೋಡಿದರೆ, ಹನ್ನೊಂದು ದಿನಗಳ ಪ್ರತಿಗಳು ಅರ್ಧಕ್ಕೇ ನಿಂತಿದ್ದವು. ಡಿಸ್ಕ್ ತುಂಬಿತ್ತು. ಆದರೆ ನಡೆದದ್ದನ್ನು ಬರೆದಿಡುವ ಲಾಗ್ ಫೈಲಿನಲ್ಲಿ ಆ ಹನ್ನೊಂದು ದಿನವೂ 'ಆರಂಭ', 'ಮುಗಿಯಿತು' ಎಂಬ ಎರಡೇ ಸಾಲುಗಳಿದ್ದವು. 'ಬ್ಯಾಕಪ್ ಆಗಿದೆಯೋ ಇಲ್ಲವೋ, ಅಷ್ಟು ಹೇಳಿ ಮಾರಾಯ್ರೆ' ಎಂದು ಕಚೇರಿಯ ಯಜಮಾನರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಎಲ್ಲಿತ್ತೆಂದರೆ, ಪೈಥಾನಿನ ಲಾಗಿಂಗ್ ವ್ಯವಸ್ಥೆ ಸ್ಕ್ರಿಪ್ಟ್ ತಾನಾಗಿ ಬರೆದದ್ದನ್ನು ಮಾತ್ರ ದಾಖಲಿಸುತ್ತದೆ. ಸ್ಕ್ರಿಪ್ಟ್ ಕರೆದ ಹೊರಗಿನ ಪ್ರೋಗ್ರಾಮ್ ತನ್ನ ಔಟ್‌ಪುಟ್ಟನ್ನು 1 ಮತ್ತು 2ನೆಯ ಫೈಲ್ ಡಿಸ್ಕ್ರಿಪ್ಟರುಗಳಿಗೆ (ಔಟ್‌ಪುಟ್ ಮತ್ತು ಎರರ್ ಹೊರಹೋಗುವ ಎರಡು ದಾರಿಗಳಿಗೆ) ನೇರವಾಗಿ ಬರೆಯುವುದರಿಂದ, ಅದು ಲಾಗಿಂಗ್‌ನ ಕಣ್ಣಿಗೇ ಬೀಳುವುದಿಲ್ಲ. ಹೀಗಾಗಿ ಪಿಜಿ-ಡಂಪ್‌ನ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂಬ ಎರರ್, ನಿಗದಿತ ಸಮಯಕ್ಕೆ ಸ್ಕ್ರಿಪ್ಟನ್ನು ಓಡಿಸುವ ಕ್ರಾನ್‌ನ ಕೈಗೆ ಹೋಯಿತು. ಆ ಯಂತ್ರದಲ್ಲಿ ಮೇಲ್ ಕಳುಹಿಸುವ ಪ್ರೋಗ್ರಾಮ್ ಇಲ್ಲದ್ದರಿಂದ ಕ್ರಾನ್ ಅದನ್ನು ಎಸೆದುಬಿಟ್ಟಿತು. ಅಂದಿನಿಂದ ಮಳೆಗಾಲ ಮುಗಿಯುವವರೆಗೆ ನಾಲ್ಕು ದಾರಿಗಳನ್ನು ಒಂದೊಂದಾಗಿ ಇದೇ ಕೆಲಸಕ್ಕೆ ಹಚ್ಚಿ ನೋಡಿದೆ.

ಮೊದಲನೆಯದು ಎಲ್ಲಕ್ಕಿಂತ ಸುಲಭದ್ದು: ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ಸಾಲಿನ ಕೊನೆಯಲ್ಲಿ '>>' ಹಾಕಿ, ಫೈಲಿನ ಹೆಸರು ಬರೆದು, ಅದರ ನಂತರ '2>&1' ಸೇರಿಸುವುದು. ಮೊದಲ ಗುರುತು ಔಟ್‌ಪುಟ್ಟನ್ನು ಫೈಲಿಗೆ ಸೇರಿಸುತ್ತದೆ, ಎರಡನೆಯದು ಎರರ್‌ಗಳನ್ನೂ ಅಲ್ಲಿಗೇ ಕಳುಹಿಸುತ್ತದೆ. ಈ ಅನುಕ್ರಮ ಮುಖ್ಯ; '2>&1' ಅನ್ನು ಮೊದಲು ಬರೆದರೆ ಎರರ್‌ಗಳು ಫೈಲಿಗೆ ಹೋಗದೆ ಹಳೆಯ ಜಾಗಕ್ಕೇ ಹೋಗುತ್ತವೆ. ಈ ವಿಧಾನದಲ್ಲಿ ಯಾವ ಸಾಲೂ ಕಳೆದುಹೋಗಲಿಲ್ಲ, ಆದರೆ ಕ್ರಮ ತಲೆಕೆಳಗಾಯಿತು. ಫೈಲಿಗೆ ಬರೆಯುವಾಗ ಪೈಥಾನ್ ತನ್ನ ಪ್ರಿಂಟ್ ಸಾಲುಗಳನ್ನು ಬಫರಿನಲ್ಲಿ ಕೂಡಿಟ್ಟು ಕೊನೆಗೆ ಒಟ್ಟಿಗೆ ಸುರಿಯುವುದರಿಂದ, 'ನಕಲು ಆರಂಭ' ಎಂಬ ಸಾಲು ಆರ್‌ಸಿಂಕ್‌ನ ಇಡೀ ವರದಿಯ ಕೆಳಗೆ ಬಂದು ಕುಳಿತಿತ್ತು. ಪೈಥಾನನ್ನು '-ಯು' ಆಯ್ಕೆಯೊಂದಿಗೆ ಓಡಿಸಿದಾಗ ಅದು ಸರಿಹೋಯಿತು. ಹೊರಗಿನ ಪ್ರೋಗ್ರಾಮಿನ ಸಾಲುಗಳಿಗೆ ಸಮಯದ ಗುರುತು ಮಾತ್ರ ಇಲ್ಲಿ ಬರುವುದಿಲ್ಲ.

ಎರಡನೆಯದಾಗಿ ಕೆಲಸವನ್ನು ಬ್ಯಾಶ್ ಎಂಬ ಶೆಲ್‌ನ ಸ್ಕ್ರಿಪ್ಟಿಗೆ ಒಪ್ಪಿಸಿ, ಔಟ್‌ಪುಟ್ಟನ್ನು ಪೈಪ್ (ಒಂದು ಆಜ್ಞೆಯ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಒಯ್ಯುವ ಕೊಂಡಿ) ಮೂಲಕ 'ಟೀ' ಆಜ್ಞೆಗೆ ಕೊಟ್ಟೆ. ಪರದೆಯ ಮೇಲೂ ಫೈಲಿನಲ್ಲೂ ಒಮ್ಮೆಗೇ ಕಾಣುವ ಅನುಕೂಲ ಕೈಯಿಂದ ಓಡಿಸಿ ಪರೀಕ್ಷಿಸುವಾಗ ದೊಡ್ಡದು. ಅಪಾಯವೂ ಅಷ್ಟೇ ದೊಡ್ಡದು, ಏಕೆಂದರೆ ಪೈಪಿನ ಫಲಿತಾಂಶವೆಂದರೆ ಕೊನೆಯ ಆಜ್ಞೆಯ ಫಲಿತಾಂಶ; ಪಿಜಿ-ಡಂಪ್ ಸೋತರೂ 'ಟೀ' ಗೆದ್ದಿರುತ್ತದೆ, ಸ್ಕ್ರಿಪ್ಟ್ 'ಎಲ್ಲ ಸರಿ' ಎಂಬರ್ಥದ ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಅಂದರೆ ನನ್ನ ಹಳೆಯ ರೋಗವೇ ಮತ್ತೊಂದು ಬಾಗಿಲಿನಿಂದ ಒಳಬಂದಂತೆ. ಸ್ಕ್ರಿಪ್ಟಿನ ಆರಂಭದಲ್ಲಿ 'ಪೈಪ್‌ಫೇಲ್' (ಪೈಪಿನ ಯಾವ ಆಜ್ಞೆ ಸೋತರೂ ಸೋಲೆಂದೇ ಹೇಳುವ ಆಯ್ಕೆ) ಹಾಕದೆ ಈ ದಾರಿಯನ್ನು ಯಾರೂ ಹಿಡಿಯಬಾರದು.

ಮೂರನೆಯದು ಸಿಸ್ಟಮ್‌ಡಿ ಟೈಮರ್, ಅಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆಯೇ ಕ್ರಾನ್ ಬದಲು ಸಮಯಕ್ಕೆ ಸರಿಯಾಗಿ ಕೆಲಸ ಓಡಿಸುವುದು. ಸರ್ವಿಸ್ ಆಗಿ ಓಡಿದ ಸ್ಕ್ರಿಪ್ಟ್ ಮತ್ತು ಅದು ಕರೆದ ಎಲ್ಲ ಪ್ರೋಗ್ರಾಮ್‌ಗಳ ಸಾಲುಗಳು ಸಮಯ ಸಮೇತ ಜರ್ನಲ್ ಎಂಬ ಅದರ ಲಾಗ್‌ಗೆ ತಾವಾಗಿಯೇ ಸೇರುತ್ತವೆ; ಸ್ಕ್ರಿಪ್ಟ್ ಯಾವ ಕೋಡ್‌ನೊಂದಿಗೆ ಮುಗಿಯಿತೆಂಬುದೂ ದಾಖಲಾಗುತ್ತದೆ. ಇದನ್ನೇ ಕೊನೆಯ ಆಯ್ಕೆಯನ್ನಾಗಿ ಮಾಡಿಕೊಳ್ಳುವವನಿದ್ದೆ. ಆದರೆ ಜುಲೈಯ ಒಂದು ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಬರಿದಾಗಿ ಯಂತ್ರ ನಿಂತಿತು. ಬೆಳಿಗ್ಗೆ ನೋಡಿದರೆ ಹಿಂದಿನ ರಾತ್ರಿಯ ಜರ್ನಲ್ ಇಲ್ಲವೇ ಇಲ್ಲ. '/ವಾರ್/ಲಾಗ್/ಜರ್ನಲ್' ಎಂಬ ಡೈರೆಕ್ಟರಿ ಇಲ್ಲದಿದ್ದರೆ ಸಿಸ್ಟಮ್‌ಡಿಯ ಹಲವು ಆವೃತ್ತಿಗಳ ಮೂಲ ಸೆಟ್ಟಿಂಗ್‌ನಲ್ಲಿ ಜರ್ನಲ್ ಮೆಮೊರಿಯಲ್ಲಷ್ಟೇ ಇರುತ್ತದೆ, ಯಂತ್ರ ಮತ್ತೆ ಆರಂಭವಾದಾಗ ಅಳಿದುಹೋಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಯಂತ್ರ ನಡೆಸುವವರು ಆ ಡೈರೆಕ್ಟರಿಯನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಬೇಕು.

ನಾಲ್ಕನೆಯದು ಪೈಥಾನಿನ ಒಳಗೇ ಹಿಡಿಯುವುದು. ಇದರಲ್ಲಿ ಎರಡು ಬಗೆಗಳಿವೆ. ಹೊರಗಿನ ಪ್ರೋಗ್ರಾಮನ್ನು ಓಡಿಸುವ 'ರನ್' ಕರೆಗೆ 'ಕ್ಯಾಪ್ಚರ್-ಔಟ್‌ಪುಟ್' ಕೊಟ್ಟರೆ ಬರೆಯುವುದು ಒಂದೇ ಸಾಲು, ಆದರೆ ಪ್ರೋಗ್ರಾಮ್ ಮುಗಿಯುವ ತನಕ ಲಾಗ್‌ಗೆ ಏನೂ ಬರುವುದಿಲ್ಲ. ನಡುವೆ ನೆಟ್‌ವರ್ಕ್ ಲೈನ್ ಸಿಕ್ಕಿಕೊಂಡರೆ ಅಥವಾ ಕರೆಂಟ್ ಹೋದರೆ ಅಲ್ಲಿಯವರೆಗಿನದೆಲ್ಲ ನಷ್ಟ. 'ಪೊಪೆನ್' ಬಳಸಿ ಸಾಲು ಬಂದಂತೆ ಓದಿ, ಪ್ರತಿ ಸಾಲನ್ನೂ ಪ್ರೋಗ್ರಾಮಿನ ಹೆಸರಿನೊಂದಿಗೆ ಲಾಗರ್‌ಗೆ ಕೊಡುವುದು ಇನ್ನೊಂದು ಬಗೆ. ಇದರಲ್ಲಿ ನಾನೊಮ್ಮೆ ಎಡವಿದೆ. ಔಟ್‌ಪುಟ್ ಮತ್ತು ಎರರ್‌ಗೆ ಬೇರೆ ಬೇರೆ ಪೈಪ್ ಕೊಟ್ಟು ಒಂದನ್ನು ಮಾತ್ರ ಓದುತ್ತಿದ್ದೆ. ಲಿನಕ್ಸ್‌ನಲ್ಲಿ ಒಂದು ಪೈಪ್ ಹಿಡಿಯುವುದು ಸಾಮಾನ್ಯವಾಗಿ 65,536 ಬೈಟ್. ಅನುಮತಿ ಇಲ್ಲವೆಂಬ ಎರರ್‌ಗಳಿಂದ ಎರಡನೆಯ ಪೈಪ್ ತುಂಬಿದ ಕ್ಷಣ ಆರ್‌ಸಿಂಕ್ ಬರೆಯಲಾಗದೆ ನಿಂತಿತು, ಸ್ಕ್ರಿಪ್ಟ್ ಅದಕ್ಕಾಗಿ ಬೆಳಗಿನವರೆಗೆ ಕಾದಿತು. ಎರರನ್ನೂ ಔಟ್‌ಪುಟ್‌ನ ಪೈಪಿಗೇ ಸೇರಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಕನ್ನಡದಲ್ಲಿ ಫೈಲ್‌ಗಳಿಗೆ ಹೆಸರಿಡುವವರಿಗೆ ಒಂದು ಮಾತು. ಕ್ರಾನ್‌ನ ಬರಿಯ ಪರಿಸರದಲ್ಲಿ ಯುಟಿಎಫ್-8 ಲೊಕೇಲ್ (ಕನ್ನಡದಂಥ ಲಿಪಿಗಳನ್ನು ಗುರುತಿಸುವ ಸೆಟ್ಟಿಂಗ್) ಇಲ್ಲದಿದ್ದರೆ, ಆರ್‌ಸಿಂಕ್ ಕನ್ನಡದ ಅಕ್ಷರಗಳನ್ನು ಅಂಕಿಗಳಾಗಿ ಬರೆಯುತ್ತದೆ; 'ಕ' ಎಂಬ ಒಂದೇ ಅಕ್ಷರ ಲಾಗ್‌ನಲ್ಲಿ '\#340\#262\#225' ಎಂದು ಕಾಣುತ್ತದೆ. ಆರ್‌ಸಿಂಕ್‌ಗೆ '-8' ಆಯ್ಕೆ ಕೊಟ್ಟಾಗ 'ಕಾಳುಮೆಣಸು' ಎಂಬ ಫೋಲ್ಡರಿನ ಹೆಸರು ಲಾಗ್‌ನಲ್ಲಿ ಓದಲು ಸಿಕ್ಕಿತು. ಮೇಲಿನ ಯಾವ ದಾರಿಯಲ್ಲಿ ಹೋದರೂ ಇದು ಬೇಕು.

ಬ್ಯಾಕಪ್‌ಗೆ ನಾನು ಉಳಿಸಿಕೊಂಡದ್ದು ಪೊಪೆನ್ ದಾರಿಯನ್ನು. ಸಾಲಿನ ಸಮಯ, ಯಾವ ಪ್ರೋಗ್ರಾಮ್ ಹೇಳಿತು, ಯಾವ ಕೋಡ್‌ನೊಂದಿಗೆ ಮುಗಿಯಿತು ಎಂಬ ಮೂರೂ ಒಂದೇ ಫೈಲಿನಲ್ಲಿ ಸಿಗುವುದರ ಜತೆಗೆ, ಕೋಡ್ ನೋಡಿ ಮುಂದಿನ ಹೆಜ್ಜೆ ನಿರ್ಧರಿಸಲು ಇದರಲ್ಲಿ ಸುಲಭ. ಆರ್‌ಸಿಂಕ್‌ನ 24 ಎಂದರೆ ನಕಲಿನ ನಡುವೆ ಕೆಲವು ಫೈಲ್‌ಗಳು ಮಾಯವಾದವು ಎಂದಷ್ಟೇ, ಅದನ್ನು ಎಚ್ಚರಿಕೆಯಾಗಿ ಬರೆಯುತ್ತೇನೆ. 23 ಎಂದರೆ ಕೆಲವು ಹೋಗಲೇ ಇಲ್ಲ, ಅದು ಸೋಲು. ಉಳಿದ ಸಣ್ಣ ಕೆಲಸಗಳನ್ನು ಸಿಸ್ಟಮ್‌ಡಿಗೆ ಬಿಟ್ಟಿದ್ದೇನೆ.

ಆಗಸ್ಟ್‌ನ ಒಂದು ರಾತ್ರಿ ಉಡುಪಿಯ ನೆಟ್‌ವರ್ಕ್ ಲೈನ್ ಕಡಿಯಿತು. ಬೆಳಿಗ್ಗೆ ಯಜಮಾನರ ಫೋನ್ ಬಂದಾಗ ಲಾಗ್ ತೆರೆದೆ: ಡಂಪ್ ಕೋಡ್ 0, 2:41ಕ್ಕೆ ಆರ್‌ಸಿಂಕ್ ಕಳುಹಿಸಿದ ಕೊನೆಯ ಫೈಲ್, 2:43ಕ್ಕೆ ಕಾಲಮಿತಿ ಮೀರಿದ ಎರರ್, ಅದರ ಕೆಳಗೆ ಕೋಡ್ 30. ಡೇಟಾಬೇಸಿನ ಪ್ರತಿ ಮಂಗಳೂರಿನಲ್ಲಿ ಪೂರ್ತಿಯಾಗಿದೆ, ಉಡುಪಿಗೆ ಮಾತ್ರ ತಲುಪಿಲ್ಲ ಎಂದು ಅವರಿಗೆ ಫೋನಿನಲ್ಲೇ ಹೇಳಿ, ಆರ್‌ಸಿಂಕನ್ನಷ್ಟೇ ಮತ್ತೆ ಓಡಿಸಿದೆ.