ಲ್ಯಾನ್ ಪೋರ್ಟ್ ಸುಟ್ಟ ಪಿಸಿಗೆ ಯಾವ ಕಾರ್ಡ್? ಟಿಜಿ-3468, ಹಳೇ ಇಂಟೆಲ್, ಯುಎಸ್‌ಬಿ

ಮುಂಗಾರಿಗೆ ಮೊದಲಿನ ಗುಡುಗು ಮಳೆ ಬಂತೆಂದರೆ ದಾವಣಗೆರೆಯಲ್ಲಿ ಪಿಸಿಗಳ ಲ್ಯಾನ್ ಪೋರ್ಟ್ (ಇಂಟರ್ನೆಟ್ ಕೇಬಲ್ ಚುಚ್ಚುವ ಕಿಂಡಿ) ಸಾಯುವುದು ಶುರು. ಕಂಬದಿಂದ ಮನೆಗೆ ಎಳೆದ ಕೇಬಲ್ ಹಿಡಿದೇ ಸಿಡಿಲಿನ ಏಟು ಬರುತ್ತದೆ. ಉಳಿದದ್ದೆಲ್ಲ ನೆಟ್ಟಗಿದ್ದರೆ ಮದರ್‌ಬೋರ್ಡ್ ಬದಲಿಸಬೇಕಿಲ್ಲ, ಬೇರೆ ನೆಟ್‌ವರ್ಕ್ ಕಾರ್ಡ್ ಸಾಕು. ಮೊದಲು ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಆನ್‌ಬೋರ್ಡ್ ಲ್ಯಾನ್, ಅಂದರೆ ಬೋರ್ಡಿನಲ್ಲೇ ಇರುವ ಹಳೇ ಪೋರ್ಟ್, ಡಿಸೇಬಲ್ ಮಾಡಿ. ಸುಟ್ಟ ಚಿಪ್ ಕೆಲವು ಬೋರ್ಡ್‌ಗಳಲ್ಲಿ ಬೂಟ್ ಆಗುವಾಗಲೇ ತಡೆಯುತ್ತದೆ.

ಟಿಪಿ-ಲಿಂಕ್ ಕಂಪನಿಯ ಟಿಜಿ-3468 ಗಿಗಾಬಿಟ್ ಕಾರ್ಡಿನ ಒಳಗಿರುವುದು ರಿಯಲ್‌ಟೆಕ್ ಚಿಪ್. ಮದರ್‌ಬೋರ್ಡಿನ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್ ಸಾಕು, ಖಾಲಿ ಇರುವ ಉದ್ದದ ಎಕ್ಸ್16 ಸ್ಲಾಟಿನಲ್ಲೂ ಕೂರುತ್ತದೆ. ವಿಂಡೋಸ್ 10 ತಾನೇ ಗುರುತಿಸುತ್ತದೆ, ಲಿನಕ್ಸ್‌ನಲ್ಲಿ ಆರ್8169 ಡ್ರೈವರ್ ಕರ್ನಲ್ಲಿನಲ್ಲೇ ಇದೆ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ತಂತ್ರಾಂಶದಲ್ಲಿ ಅಳೆದರೆ 940 ಎಂಬಿಪಿಎಸ್ ಆಸುಪಾಸು, ಅಂದರೆ ಗಿಗಾಬಿಟ್‌ನ ಪೂರ್ತಿ ವೇಗ.

ಸರ್ವರ್‌ನಿಂದ ಬಿಚ್ಚಿದ ಇಂಟೆಲ್ 82574ಎಲ್ ಕಾರ್ಡೂ ಅಷ್ಟೇ ವೇಗ ಕೊಡುತ್ತದೆ. ಮನೆಯ ಪಿಸಿಗೆ ಹೆಚ್ಚು ಕಾಸು ಕೊಡುವಷ್ಟು ವ್ಯತ್ಯಾಸ ಕಾಣದು. ಪಿಎಫ್‌ಸೆನ್ಸ್ ಎಂಬ ತಂತ್ರಾಂಶ ಹಾಕಿ ಪಿಸಿಯನ್ನೇ ರೌಟರ್ ಮಾಡುವವರಿಗೆ ಮಾತ್ರ ಇಂಟೆಲ್ಲೇ ಸರಿ. ಎರಡು ಎಚ್ಚರಿಕೆ. ಕಾರ್ಡ್ ನಿಜಕ್ಕೂ ಇಂಟೆಲ್ಲೇ ಎಂದು ನೋಡಿಕೊಳ್ಳಿ: ವಿಂಡೋಸ್‌ನ ಡಿವೈಸ್ ಮ್ಯಾನೇಜರಿನ ಹಾರ್ಡ್‌ವೇರ್ ಐಡಿಯಲ್ಲಿ 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್. ಮೇಲಿನ ಸ್ಟಿಕ್ಕರ್ ನಂಬಬೇಡಿ. ಎರಡು ಪೋರ್ಟಿನ ಇಂಟೆಲ್ ಐ350 ಕಾರ್ಡ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದರ ಎಕ್ಸ್4 ಅಂಚು ಎಕ್ಸ್1 ಸ್ಲಾಟಿಗೆ ಹಿಡಿಯುವುದಿಲ್ಲ.

ಆಫೀಸಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಸ್ಲಿಮ್ ಡೆಸ್ಕ್‌ಟಾಪ್‌ಗಳಲ್ಲಿ ಜನ ಎಡವುವುದೇ ಬ್ರಾಕೆಟ್‌ನಲ್ಲಿ, ಅಂದರೆ ಕಾರ್ಡನ್ನು ಪಿಸಿಯ ಹಿಂಬದಿಗೆ ಬಿಗಿಯುವ ಲೋಹದ ಪಟ್ಟಿಯಲ್ಲಿ. ಅವಕ್ಕೆ ಗಿಡ್ಡ ಬ್ರಾಕೆಟ್ ಬೇಕು. ಬಿಡಿಯಾಗಿ ಬರುವ ಹಳೇ ಇಂಟೆಲ್ ಕಾರ್ಡಿನ ಜೊತೆ ಅದು ಇರುವುದೇ ಅಪರೂಪ. ಬ್ರಾಕೆಟ್ ಇಲ್ಲದೆ ಸುಮ್ಮನೆ ಸಿಕ್ಕಿಸಿಟ್ಟರೆ ಕೇಬಲ್ ಎಳೆದಾಗಲೆಲ್ಲ ಕಾರ್ಡ್ ವಾಲಿ ಕನೆಕ್ಷನ್ ತಪ್ಪುತ್ತದೆ.

ಸ್ಲಾಟೇ ಖಾಲಿಯಿಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್, ಉದಾಹರಣೆಗೆ ಟಿಪಿ-ಲಿಂಕ್ ಯುಇ300. ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೇ ಹಾಕಿ. ಯುಎಸ್‌ಬಿ 2.0ರ ಮಿತಿಯೇ 480 ಎಂಬಿಪಿಎಸ್, ಕೈಗೆ ಸಿಗುವುದು ಸುಮಾರು 300. 100 ಎಂಬಿಪಿಎಸ್ ಪ್ಲಾನ್ ಇದ್ದವರಿಗೆ ಅದೂ ಧಾರಾಳ. ಲ್ಯಾಪ್‌ಟಾಪಿಗೂ ಆಗುತ್ತದೆ ಅನ್ನುವುದು ಲಾಭ. ದಿನವಿಡೀ ದೊಡ್ಡ ಫೈಲ್ ಸಾಗಿಸುವ ಪಿಸಿಗೆ ಒಳಗಿನ ಕಾರ್ಡೇ ವಾಸಿ.

2.5 ಗಿಗಾಬಿಟ್ ಕಾರ್ಡ್ ಸದ್ಯಕ್ಕೆ ಬೇಡ. ಸ್ವಿಚ್ಚೂ ರೌಟರೂ ಗಿಗಾಬಿಟ್ಟೇ ಆಗಿರುವಾಗ ಅದು ದಂಡ.

ಕಾರ್ಡ್ ಹಾಕಿದ ಮೇಲೂ ಲಿಂಕ್ ಸ್ಪೀಡ್ 100 ತೋರಿಸಿದರೆ ಅಂಗಡಿಗೆ ಓಡಬೇಡಿ, ಕೇಬಲ್ ನೋಡಿ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು; ತುದಿಯ ಪ್ಲಗ್ಗಿಗೆ ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರೆ (ಒತ್ತಿ ಕೂರಿಸಿದ್ದರೆ) ಯಾವ ಕಾರ್ಡೂ 100 ದಾಟದು.