ಬೆಳೆಗಾರರ ಆ್ಯಪ್ ಜೊತೆ ನಾಲ್ಕು ವರ್ಷ: ಉತ್ತರ ಓದಿ, ಅಂಕ ನೋಡಬೇಡಿ

ಮೂಡಿಗೆರೆ ಹತ್ತಿರ ನಮ್ಮದು ಎಂಟು ಎಕರೆ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ತೋಟಕ್ಕೆ ಬಂದ ವರ್ಷವೇ ಈ ಆ್ಯಪ್ ಹಾಕಿಕೊಂಡೆ. ಹೆಸರು ಬರೆಯುವುದಿಲ್ಲ. ಗಿಡದ ಫೋಟೋ ಹಾಕಿ ಪ್ರಶ್ನೆ ಕೇಳಿದರೆ ಬೇರೆ ಬೆಳೆಗಾರರು ಉತ್ತರ ಕೊಡುತ್ತಾರೆ. ಓದಿದವರು ಅಂಕ ಕೊಡುತ್ತಾರೆ. ಸಾವಿರ ಅಂಕ ದಾಟಿದರೆ ಹೆಸರಿನ ಪಕ್ಕ ಹಸಿರು ಬಣ್ಣದಲ್ಲಿ 'ತಜ್ಞ' ಅಂತ ಬರುತ್ತದೆ.

ಒಳ್ಳೆಯದು ಬೇಕಾದಷ್ಟಿದೆ. ಮಳೆಗಾಲದ ರಾತ್ರಿ ಕೇಳಿದರೂ ಯಾರಾದರೂ ಉತ್ತರಿಸುತ್ತಾರೆ. ನೆಟ್‌ವರ್ಕ್ ಒಂದೇ ಕಡ್ಡಿ ಇದ್ದರೂ ಫೋಟೋ ಹೋಗುತ್ತದೆ. ಎಲ್ಲವೂ ಕನ್ನಡದಲ್ಲೇ.

ನನ್ನ ತಕರಾರು ಅಂಕದ ಬಗ್ಗೆ.

ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲು, ಮೆಣಸಿನ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಸುಣ್ಣ ಬೆರೆಸಿದ ಔಷಧ) ಮಾಡುವುದು ಹೇಗೆ ಅಂತ ಒಬ್ಬರು ಕೇಳಿದ್ದರು. ಹೊಸಬರು. ಎರಡೇ ನಿಮಿಷದಲ್ಲಿ ಒಬ್ಬ 'ತಜ್ಞ' ಬರೆದರು: ಸುಣ್ಣ ಕಡಿಮೆ ಮಾಡಿ, ಮೈಲುತುತ್ತ ಜಾಸ್ತಿ ಹಾಕಿ, ಪವರ್ ಬರುತ್ತದೆ. ಸಂಜೆಯೊಳಗೆ 46 ಅಂಕ. ನಾನು ಅರ್ಧ ಗಂಟೆ ಕೂತು ಬರೆದೆ. 100 ಲೀಟರ್ ನೀರಿಗೆ ಎರಡೂ ತಲಾ 1 ಕೆಜಿ. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುವುತ್ತಲೇ ಇರಬೇಕು. ಆಮೇಲೆ ಉಜ್ಜಿದ ಚಾಕು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದು, ಎಳೆ ಎಲೆ ಸುಡುತ್ತದೆ. ನನಗೆ ಬಂದದ್ದು 3 ಅಂಕ.

ಹದಿನೈದು ದಿನಕ್ಕೆ ಆ ಹೊಸಬರು ಕಪ್ಪಾಗಿ ಸುಟ್ಟ ಚಿಗುರಿನ ಫೋಟೋ ಹಾಕಿದರು. ನೋಡಿ ಸಂಕಟವಾಯಿತು. ಆ 46 ಅಂಕ ಮಾತ್ರ ಇವತ್ತಿಗೂ ಹಾಗೇ ಇದೆ.

ಕೋಡ್ ಬರೆಯುತ್ತಿದ್ದಾಗ ನಾನು ದಿನಾ ಸ್ಟ್ಯಾಕ್ ಓವರ್‌ಫ್ಲೋ ಬಳಸುತ್ತಿದ್ದೆ, ಕೋಡ್ ಬರೆಯುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ವೆಬ್‌ಸೈಟ್ ಅದು. 2008ರಲ್ಲಿ ಶುರುವಾದದ್ದು. ಅಲ್ಲಿ ಉತ್ತರಕ್ಕೆ ಒಂದು ಮೆಚ್ಚುಗೆ ಬಂದರೆ 10 ಅಂಕ. ಪ್ರಶ್ನೆ ಕೇಳಿದವರೇ ಒಪ್ಪಿದರೆ 15. ತಪ್ಪು ಅಂತ ಯಾರಾದರೂ ಗುರುತು ಹಾಕಿದರೆ 2 ಹೋಗುತ್ತದೆ, ಹಾಗೆ ಹಾಕಿದವರಿಗೂ 1 ಹೋಗುತ್ತದೆ. ಸುಮ್ನೆ ಸಿಟ್ಟಿಗೆ ಒತ್ತುವವರು ಅದರಿಂದ ಸ್ವಲ್ಪ ಯೋಚಿಸುತ್ತಾರೆ. ಮೆಚ್ಚುಗೆಯಿಂದ ದಿನಕ್ಕೆ 200 ಅಂಕಕ್ಕಿಂತ ಜಾಸ್ತಿ ಸಿಗುವುದಿಲ್ಲ. ಮೊದಲು ಬರೆದವರಿಗೆ ಲಾಭ ಅನ್ನುವ ದೂರು ಅಲ್ಲೂ ಇತ್ತು. ಆದರೆ ಕೋಡ್ ಸರಿಯೋ ತಪ್ಪೋ ಅಂತ ಆಗಲೇ ಓಡಿಸಿ ನೋಡಬಹುದು. ತೋಟದಲ್ಲಿ ಹಾಗಾಗುತ್ತಾ? ಇಲ್ಲಿ ಫಲಿತಾಂಶ ಬರಲು ಒಂದು ಮಳೆಗಾಲ ಕಳೆಯಬೇಕು. ಅಂಕ ಮಾತ್ರ ಮೊದಲ ಗಂಟೆಯಲ್ಲೇ ಬಂದುಬಿಟ್ಟಿರುತ್ತದೆ. ನಮ್ಮ ಆ್ಯಪ್‌ನಲ್ಲಿ ತಪ್ಪು ಅನ್ನಲು ಬಟನ್ನೇ ಇಲ್ಲ.

ಆಲ್ದೂರು ಕಡೆಯ ಒಬ್ಬ ಹಿರಿಯರಿದ್ದಾರೆ. ವಾರಕ್ಕೆ ಒಂದೋ ಎರಡೋ ಉತ್ತರ ಬರೆಯುತ್ತಾರೆ. ಅರೇಬಿಕಾ ಗಿಡ ಹಳದಿಯಾಗಿದೆ ಅಂದರೆ ಎಲ್ಲರೂ ಗೊಬ್ಬರ ಹೇಳುತ್ತಾರೆ. ಅವರು ಮಾತ್ರ ಕಾಂಡದ ಮೇಲೆ ಉಬ್ಬಿದ ಗೆರೆ ಇದೆಯಾ ಅಂತ ಕೇಳುತ್ತಾರೆ. ಇದ್ದರೆ ಅದು ಬಿಳಿ ಕಾಂಡಕೊರಕ, ಕಾಂಡದ ಒಳಗೆ ಕೊರೆಯುವ ಹುಳು. ಏಪ್ರಿಲ್‌ನಲ್ಲಿ ಅದರ ದುಂಬಿ ಹೊರಗೆ ಬರುವ ಮೊದಲೇ ಗಿಡ ಕಿತ್ತು ಸುಡಿ, ನೆರಳು ಜಾಸ್ತಿ ಕಡಿಯಬೇಡಿ ಅನ್ನುತ್ತಾರೆ. ಅವರ ಮಾತು ಕೇಳಿ ನನ್ನ ತೋಟದ ಒಂದು ಭಾಗ ಉಳಿಯಿತು. ಅವರ ಅಂಕ 140. ಹಸಿರು 'ತಜ್ಞ' ಪಟ್ಟ ಅವರಿಗಿಲ್ಲ, ಹಾಗಾಗಿ ಅವರ ಉತ್ತರ ಕೊನೆಗೆ ಹೋಗಿ ಕೂರುತ್ತದೆ. ಇದು ನ್ಯಾಯ ಅಲ್ಲ. ಅತ್ತ ವಾಟ್ಸಾಪ್ ಗುಂಪಿನಲ್ಲಿ 'ಒಂದು ಅಂಕ ಒತ್ತಿ' ಅಂತ ಲಿಂಕ್ ಕಳಿಸುವವರು ಮೇಲೆ ಏರುತ್ತಲೇ ಇದ್ದಾರೆ.

ಆ್ಯಪ್‌ನವರಿಗೆ ಎರಡು ಸಲ ಬರೆದಿದ್ದೇನೆ. ಕೇಳಿದ್ದು ಇಷ್ಟೇ: ಆರು ತಿಂಗಳ ನಂತರ ಪ್ರಶ್ನೆ ಕೇಳಿದವರಿಗೇ 'ಏನಾಯಿತು?' ಅಂತ ಕೇಳಿ, ಅವರ ಉತ್ತರಕ್ಕೆ ಹೆಚ್ಚು ತೂಕ ಕೊಡಿ. 'ಪರಿಶೀಲಿಸುತ್ತೇವೆ' ಅಂದಿದ್ದಾರೆ.

ಐದಕ್ಕೆ ಮೂರು ಸ್ಟಾರ್. ಬಳಸುವುದಾದರೆ ಉತ್ತರಗಳ ಪಟ್ಟಿಯನ್ನು ಕೆಳಗಿನಿಂದ ಓದಿಕೊಂಡು ಬನ್ನಿ. ಔಷಧದ ಪ್ರಮಾಣ ಅಂತ ಬಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿಯೇ ಹೊಡೆಯಿರಿ.