ಹಳೆಯ ಪುಟ್ಟ ವಿಮಾನಕ್ಕೆ ಯಾವ ಎಂಜಿನ್, ಯಾವ ಪ್ರೊಪೆಲರ್: ಕಾಂಟಿನೆಂಟಲ್ ಸಾಲಿನ ಒಂದು ವಿಮರ್ಶೆ

ಪೈಪರ್ ಜೆ-3 ಕಬ್, ಏರೋಂಕಾ ಚಾಂಪ್, ಟೇಲರ್‌ಕ್ರಾಫ್ಟ್‌ಗಳಂತಹ ಎರಡು ಆಸನಗಳ ಹಳೆಯ ವಿಮಾನಗಳಿಗೆ ಎಂಜಿನ್ ಹುಡುಕುವವರು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟು ಎಂದು. ಆ ಶಕ್ತಿ ನಿಮಿಷಕ್ಕೆ ಎಷ್ಟು ಸುತ್ತಿಗೆ ಸಿಗುತ್ತದೆ, ಹಾಕಿರುವ ಪ್ರೊಪೆಲರ್ ಎಂಜಿನ್ನನ್ನು ಅಷ್ಟು ಸುತ್ತಲು ಬಿಡುತ್ತದೆಯೇ ಎಂದು ಕೇಳುವವರು ಕಡಿಮೆ. ಈ ಎಂಜಿನ್‌ಗಳಲ್ಲಿ ಪ್ರೊಪೆಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೇ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೇ, ಕೂರುತ್ತದೆ, ನಡುವೆ ಗೇರ್ ಇರುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ವಸ್ತುವೆಂದು ಭಾವಿಸಿ ಖರೀದಿಸುವುದೇ ಸರಿ.

ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಎ-65 ಎಂಜಿನ್ ನಿಮಿಷಕ್ಕೆ 2300 ಸುತ್ತಿಗೆ 65 ಅಶ್ವಶಕ್ತಿ ಕೊಡುತ್ತದೆ. ಗಂಟೆಗೆ ಸುಮಾರು 15 ಲೀಟರ್ ಪೆಟ್ರೋಲ್ ಸಾಕು. ಸಾಮಾನ್ಯವಾಗಿ ಸ್ಟಾರ್ಟರ್ ಇರುವುದಿಲ್ಲವಾದ್ದರಿಂದ ಗಾಲಿಗೆ ಅಡ್ಡಗಟ್ಟೆ ಇಟ್ಟು, ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಿ ಚಾಲೂ ಮಾಡಬೇಕು. ಒಬ್ಬರೇ ಹಾರುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಇಬ್ಬರು ಕುಳಿತು ಬಿಸಿಲಿನಲ್ಲಿ ಹುಲ್ಲಿನ ಓಡುಹಾದಿಯಿಂದ ಏರುವಾಗ ಮಾತ್ರ ಅದರ ಬಡತನ ಕಾಣುತ್ತದೆ.

ಮೇಲಿನ ಮೆಟ್ಟಿಲಾದ ಸಿ-85, 2575 ಸುತ್ತಿಗೆ 85 ಅಶ್ವಶಕ್ತಿ ಕೊಡುತ್ತದೆ. ಸೆಸ್ನಾ 150 ವಿಮಾನದಿಂದ ಹೆಸರಾದ ಒ-200 ಎಂಜಿನ್ 100 ಅಶ್ವಶಕ್ತಿಯದು ಎಂದು ಕೇಳಿ ಹಲವರು ಅದಕ್ಕೇ ಕೈ ಹಾಕುತ್ತಾರೆ. ಆದರೆ ಆ ನೂರು ಸಿಗುವುದು 2750 ಸುತ್ತಿಗೆ, ಮತ್ತು ಅಷ್ಟು ಸುತ್ತಬೇಕಾದರೆ ಪ್ರೊಪೆಲರ್ ಗಿಡ್ಡವಾಗಿರಬೇಕು ಇಲ್ಲವೇ ಪಿಚ್ (ಅಲಗಿನ ಓರೆ) ತೀರ ಕಡಿಮೆಯಿರಬೇಕು. ಕಬ್‌ನಂತಹ ನಿಧಾನ ವಿಮಾನಕ್ಕೆ ಬೇಕಾದುದು ಉದ್ದನೆಯ ಪ್ರೊಪೆಲರ್, ಹೆಚ್ಚು ಗಾಳಿಯನ್ನು ಮೆಲ್ಲಗೆ ಹಿಂದೆ ತಳ್ಳುವಂಥದ್ದು. ಈ ಕಾರಣಕ್ಕೇ ನನ್ನ ಮತ ಸಿ-90ಕ್ಕೆ. ಒ-200ರಂತೆ ಅದರ ಸಿಲಿಂಡರ್‌ಗಳ ಒಟ್ಟು ಗಾತ್ರವೂ 201 ಘನ ಇಂಚೇ. ಆದರೆ 90 ಅಶ್ವಶಕ್ತಿಯನ್ನು 2475 ಸುತ್ತಿಗೇ ಕೊಟ್ಟುಬಿಡುತ್ತದೆ. ಅದು ಸಿಗದಿದ್ದರೆ ಸಿ-85 ಕೊಂಡರೂ ಪಶ್ಚಾತ್ತಾಪವಿಲ್ಲ. ಯಾವುದನ್ನು ಕೂರಿಸುವುದಾದರೂ ನಿಮ್ಮ ವಿಮಾನದ ಮಾದರಿಗೆ ಅದರ ಅನುಮೋದನೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಈ ಸಾಲಿನ ಎಲ್ಲ ಎಂಜಿನ್‌ಗಳಿಗೂ ಒಂದು ಹುಟ್ಟುದೋಷವಿದೆ. ಇನ್ನೊಂದು ಕಂಪನಿಯಾದ ಲೈಕಮಿಂಗ್‌ನ ಎಂಜಿನ್‌ಗಳಲ್ಲಿ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ಬಿಸಿ ಎಣ್ಣೆ ತುಂಬಿದ ಆಯಿಲ್ ಸಂಪಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಅದು ದೂರದಲ್ಲಿ ತಣ್ಣಗೆ ತೂಗುತ್ತಿರುವುದರಿಂದ ಆರ್ದ್ರ ಹವೆಯಲ್ಲಿ ಅದರೊಳಗೆ ಬೇಗ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೆ ಬಿಸಿ ಗಾಳಿ ಬಿಡುವ ಕಾರ್ಬ್ಯುರೇಟರ್ ಹೀಟಿನ ಗುಂಡಿಯನ್ನು ಧಾರಾಳವಾಗಿ ಎಳೆಯುವುದೇ ಮದ್ದು.

ಪ್ರೊಪೆಲರಿನಲ್ಲಿ ನಾನು ಮರದ ಪಕ್ಷ. ಹಗುರವಾಗಿರುತ್ತದೆ, ಎಂಜಿನ್ನಿನ ಅದುರನ್ನು ತಾನೇ ನುಂಗುತ್ತದೆ, ನೆಲಕ್ಕೆ ಬಡಿದರೆ ಕ್ರ್ಯಾಂಕ್‌ಶಾಫ್ಟಿಗಿಂತ ಮೊದಲು ತಾನು ಚೂರಾಗುತ್ತದೆ. ಆದರೆ ಅದು ಆರೈಕೆ ಬೇಡುವ ವಸ್ತು. ಒಣ ಹವೆಯಲ್ಲಿ ಮರ ಕುಗ್ಗಿ ಬೋಲ್ಟ್‌ಗಳ ಬಿಗಿ ಸಡಿಲುತ್ತದೆ. ಋತು ಬದಲಾದಾಗ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಹಿಡಿಯಲೇಬೇಕು. ಒಮ್ಮೆ ನಾನು ಸೋಮಾರಿತನದಿಂದ ಒಂದು ಋತು ಬಿಟ್ಟೆ. ಬಿಚ್ಚಿದಾಗ ಹಬ್ ಕೂರುವ ಜಾಗದಲ್ಲಿ ಮರ ಉಜ್ಜಿ ಉಜ್ಜಿ ಕಂದಿ ಕಪ್ಪಾಗಿತ್ತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ನಿಲ್ಲಿಸುವಾಗ ಅಲಗುಗಳನ್ನು ಅಡ್ಡಡ್ಡವಾಗಿ ಬಿಡಬೇಕು. ನೆಟ್ಟಗೆ ಬಿಟ್ಟರೆ ತೇವವೆಲ್ಲ ಕೆಳಗಿನ ಅಲಗಿಗಿಳಿದು ಸಮತೋಲ ಕೆಡುತ್ತದೆ.

ಲೋಹದ ಪ್ರೊಪೆಲರ್ ತೆಳ್ಳಗಿದ್ದು ಸ್ವಲ್ಪ ಹೆಚ್ಚು ವೇಗ ಕೊಡುತ್ತದೆ, ಮಳೆಗೆ ಜಗ್ಗುವುದಿಲ್ಲ. ಪ್ರತಿ ಹಾರಾಟಕ್ಕೂ ಮುನ್ನ ಮುಂದಿನ ಅಂಚಿನುದ್ದಕ್ಕೂ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕಲ್ಲು ಬಡಿದ ಕಚ್ಚು ಇದೆಯೆಂದು ಅರ್ಥ, ಅದನ್ನು ಮೆಕ್ಯಾನಿಕ್‌ನಿಂದ ಅರದಿಂದ ಉಜ್ಜಿಸದೆ ಹಾರುವಂತಿಲ್ಲ. ಬಿರುಕು ಹುಟ್ಟುವುದು ಅಂತಹ ಕಚ್ಚಿನಲ್ಲೇ.

ಪಿಚ್ ಆರಿಸಲು ವಿಮಾನವನ್ನು ಕಟ್ಟಿಹಾಕಿ ಪೂರ್ತಿ ಥ್ರಾಟಲ್ ಕೊಟ್ಟು ಸುತ್ತು ನೋಡುವುದು ಕ್ರಮ. ಅದು ಅನುಮೋದನಾ ಪತ್ರದಲ್ಲಿ ಹೇಳಿದ ಮಿತಿಗಳೊಳಗೆ ಬರಬೇಕು. ಅದಕ್ಕೂ ಮೊದಲು ಬೆಳಕಿನಿಂದ ಸುತ್ತು ಅಳೆಯುವ ಕೈಮೀಟರಿನಿಂದ ವಿಮಾನದಲ್ಲಿ ಸುತ್ತು ತೋರಿಸುವ ಹಳೆಯ ಟ್ಯಾಕೋಮೀಟರನ್ನು ಪರೀಕ್ಷಿಸಿಕೊಳ್ಳಿ. ನನ್ನದು ನೂರು ಸುತ್ತು ಕಡಿಮೆ ತೋರಿಸುತ್ತಿತ್ತು. ಪಿಚ್ ಕಡಿಮೆ ಮಾಡಿಸಲು ದುಡ್ಡು ಸುರಿದ ಮೇಲೆ ಅದು ತಿಳಿಯಿತು.